ರಾಜನ ನಿಲುವಂಗಿಯ ಏಳು ಹರಕು

ಹರಿದದ್ದನ್ನು ಹೊಲಿದುಕೊಡುವವರು ಬೀದಿಗೊಬ್ಬರು ಸಿಗುತ್ತಾರೆ. ಹೊಚ್ಚ ಹೊಸದನ್ನು ಹರಿದುಕೊಡುವುದಕ್ಕೆ ಸಂಬಳ ತೆಗೆದುಕೊಳ್ಳುವವಳು ಎಲ್ಲೋ ಒಬ್ಬಳು. ಅಂಥವಳು ನಮ್ಮ ಮಾಸಲಕ್ಕ. ಅದು ಹೆತ್ತವರು ಇಟ್ಟ ಹೆಸರಲ್ಲ. ಸಿನಿಮಾದ ಬಟ್ಟೆಬರೆ ತಯಾರಾಗುವ ಉದ್ದನೆಯ ತಗಡಿನ ಶೆಡ್ಡಿನಲ್ಲಿ ಜೊತೆಯವರು ಇಟ್ಟದ್ದು. ಅವಳ ಮೇಜಿಗೆ ಹೋದ ಬಟ್ಟೆ ಬಣ್ಣ ಮಾಸದೆ ಈಚೆ ಬಂದದ್ದೇ ಇಲ್ಲ.

ಈಗಿನ ದೊಡ್ಡ ಪರದೆಯ ಯುದ್ಧದ ಚಿತ್ರಗಳನ್ನು ನೀವೂ ನೋಡಿರುತ್ತೀರಿ. ಆಕಾಶದ ತುಂಬ ರೆಕ್ಕೆಯ ಸರ್ಪಗಳು, ಬೆಟ್ಟದ ತುಂಬ ಸೈನ್ಯ, ಕುಳಿತ ಕುರ್ಚಿ ನಡುಗುವಷ್ಟು ಸದ್ದು. ಆದರೆ ಶೂಟಿಂಗಿನ ಜಾಗಕ್ಕೆ ಹೋಗಿ ನೋಡಿದರೆ ಆ ರೆಕ್ಕೆಸರ್ಪ ಅನ್ನುವುದು ಕೋಲಿನ ತುದಿಗೆ ಸಿಕ್ಕಿಸಿದ ಒಂದು ಹಸಿರು ಚೆಂಡು. ಕೋಟೆ ಅನ್ನುವುದು ಹಸಿರು ಬಟ್ಟೆ ಹೊದ್ದ ಹಲಗೆ. ಮಿಕ್ಕದ್ದೆಲ್ಲ ಆಮೇಲೆ ಕಂಪ್ಯೂಟರಿನಲ್ಲಿ ಮೂಡುವುದು. ಮಾಸಲಕ್ಕ ಹೇಳುತ್ತಿದ್ದಳು, "ಆ ಚೆಂಡನ್ನ ನೋಡಿ ಹೆದರಬೇಕಾದವನು ಪಾಪ ನಟ. ಅವನ ಮೈಮೇಲೆ ನಿಜವಾಗಿ ಇರೋದು ಒಂದೇ, ನಮ್ಮ ಬಟ್ಟೆ. ಅದೂ ಸುಳ್ಳಾಗಿಬಿಟ್ರೆ ಅವನು ಯಾವುದನ್ನ ನಂಬಿ ಅಳಬೇಕು?"

ಅದಕ್ಕೇ ಅವಳ ಮೇಜಿನ ಮೇಲೆ ಕತ್ತರಿಗಿಂತ ಹೆಚ್ಚಾಗಿ ತರಕಾರಿ ತುರಿಯುವ ಮಣೆ, ತಂತಿಯ ಬ್ರಷ್ಷು, ಉಪ್ಪುಕಾಗದ, ಜೇನುಮೇಣ, ಕುದಿಸಿ ಕಪ್ಪಾದ ಚಹಾದ ಡಿಕಾಕ್ಷನ್ನು. ಕೋಟಿನ ಜೇಬಿಗೆ ಕಲ್ಲು ತುಂಬಿ, ಒದ್ದೆ ಮಾಡಿ, ಮೂರು ದಿನ ನೇತುಹಾಕುತ್ತಿದ್ದಳು. ಜೇಬು ಜೋತುಬಿದ್ದ ಮೇಲೆ ಆ ಕೋಟು ನಾಲ್ಕು ವರ್ಷ ರೊಟ್ಟಿ, ಗುಂಡು, ಊರಿನಿಂದ ಬಂದ ಕಾಗದ ಎಲ್ಲವನ್ನೂ ಹೊತ್ತ ಹಾಗೆ ಕಾಣುತ್ತಿತ್ತು. ಆರುನೂರು ಸೈನಿಕರ ಅಂಗಿ ಬಂದರೆ ಆರುನೂರಕ್ಕೂ ಒಂದೊಂದು ಕಥೆ. ಇವನು ಎಡಗೈಯವನು, ಎಡ ತೋಳು ಸವೆದಿರಲಿ. ಇವನಿಗೆ ಕಾಗದ ಬರೆಯುವ ಹುಚ್ಚು, ಮೊಣಕೈ ತೂತಾಗಿರಲಿ. ಇವನು ಅಂಜುಬುರುಕ, ತೋಳಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿರಲಿ. ಆ ಅಂಜುಬುರುಕ ಕೊನೇ ಸಾಲಿನಲ್ಲಿ, ಧೂಳಿನ ಹಿಂದೆ ನಿಲ್ಲುವವನು. ಯಾರಿಗೆ ಕಾಣುತ್ತದೆ ಅಂತ ಕೇಳಿದರೆ, "ಅವನಿಗೆ ಕಾಣುತ್ತಲ್ಲ. ಹಾಕ್ಕೊಂಡವನಿಗೆ," ಅನ್ನುತ್ತಿದ್ದಳು.

ಒಮ್ಮೆ ರೆಕ್ಕೆಸರ್ಪ ಕಚ್ಚಿ ಎಳೆದ ಬಟ್ಟೆ ಹೇಗೆ ಹರಿಯುತ್ತದೆ ಅಂತ ನಿರ್ದೇಶಕರ ಕಡೆಯವರು ಕೇಳಿದರು. ರೆಕ್ಕೆಸರ್ಪವನ್ನು ಕಂಡವರು ಯಾರು? ಮಾಸಲಕ್ಕ ಪಕ್ಕದ ಮನೆಯ ನಾಯಿಗೆ ಹಳೇ ಕಂಬಳಿ ಕೊಟ್ಟು, ಒಂದು ತುದಿ ತಾನು ಹಿಡಿದು, ಅರ್ಧ ಗಂಟೆ ಎಳೆದಾಡಿದಳು. ಬೀದಿಯೆಲ್ಲ ಕಿಟಕಿಯಲ್ಲಿ ನಿಂತು ನೋಡಿತು. ನಾಯಿಯ ಯಜಮಾನಿ, "ಏನ್ರೀ ಇದು, ನಿಮ್ಮಿಬ್ಬರಿಗೆ ಏನಾಯ್ತು?" ಅಂದರೆ, "ಪಾಠ ಹೇಳಿಸ್ಕೊಳ್ತಾ ಇದೀನಿ, ಸುಮ್ನಿರಿ," ಅಂದಳು.

ಮದುವೆ ಯಾಕಾಗಲಿಲ್ಲ ಅಂತ ಕೇಳಿದವರಿಗೂ ಅವಳ ಬಳಿ ಉತ್ತರ ರೆಡಿ. "ಆರುನೂರು ಗಂಡಸರ ಬಟ್ಟೆ ಕೊಳೆ ಮಾಡೋದ್ರಲ್ಲೇ ಜೀವ ಹೋಗ್ತಾ ಇದೆ. ಇನ್ನೊಬ್ಬನದು ಒಗೆಯೋದು ಬೇರೆ ಬೇಕಾ?"

ಅವಳ ಜೊತೆ ಇದ್ದವನು ಅಪ್ಪ. ಆಹಾ, ಅಪ್ಪ ಅಂದರೆ ಅಂಥಿಂಥವನಲ್ಲ, ರಫೂ ಕೆಲಸದವನು. ಹರಿದ ಬಟ್ಟೆಗೆ ತೇಪೆ ಹಾಕುವವನಲ್ಲ. ಅದೇ ಬಟ್ಟೆಯ ಒಳಮಡಿಕೆಯಿಂದ ಎಳೆ ಕಿತ್ತು, ಹರಿದ ಜಾಗದಲ್ಲಿ ಉದ್ದದ ಎಳೆಗೆ ಉದ್ದದ ಎಳೆ, ಅಡ್ಡದ ಎಳೆಗೆ ಅಡ್ಡದ ಎಳೆ ಸೇರಿಸಿ ಮತ್ತೆ ನೇಯ್ದುಬಿಡುವವನು. ಮುಗಿದ ಮೇಲೆ ಹರಕು ಎಲ್ಲಿತ್ತು ಅಂತ ಬಟ್ಟೆಯ ಯಜಮಾನನಿಗೇ ಗೊತ್ತಾಗಬಾರದು. ಮನೆಯ ಕೆಳಗೆ, ಬೀದಿಗೆ ತೆರೆದ ಎಂಟಡಿಯ ಅಂಗಡಿ, ಒಂದು ದೀಪ, ಒಂದು ಸ್ಟೂಲು. ಎಪ್ಪತ್ತಾರು ವರ್ಷಕ್ಕೆ ಕಣ್ಣು ಮಂಜಾಗಿತ್ತು, ಬೆರಳು ಮಂಜಾಗಿರಲಿಲ್ಲ. ಈಗ ಹರಿದದ್ದನ್ನು ಎಸೆಯುವ ಕಾಲ. ವಾರಕ್ಕೆ ಎರಡು ಬಟ್ಟೆ ಬಂದರೆ ಹೆಚ್ಚು.

ಮಗಳ ಕೆಲಸ ಅವನಿಗೆ ಗಂಟಲಲ್ಲಿ ಇಳಿಯದ ತುತ್ತು. ಮೊದಲು ಅವಳು ಸಮವಸ್ತ್ರದ ಕಾರ್ಖಾನೆಯಲ್ಲಿ ಹೊಲಿಗೆಯವಳಾಗಿದ್ದಳು. ಒಂದು ಯುದ್ಧದ ಚಿತ್ರಕ್ಕೆ ಮುನ್ನೂರು ಕೋಟು ಒಪ್ಪಿಸಲು ಹೋದಾಗ, ಅದನ್ನು ತೊಟ್ಟು ಸಾಲಾಗಿ ನಿಂತವರನ್ನು ನೋಡಿ, "ಇವರೆಲ್ಲ ಯುದ್ಧಕ್ಕೆ ಹೊರಟಿದಾರೋ, ಫೋಟೋ ತೆಗೆಸ್ಕೊಳ್ಳೋಕೋ?" ಅಂದುಬಿಟ್ಟಳು. ಉಡುಪಿನ ಮೇಲ್ವಿಚಾರಣೆಯ ಮೇಡಂ ಹಿಂದೆಯೇ ಇದ್ದರು. "ಹೇಳೋದು ಸುಲಭ. ಒಂದು ಮಾಡಿ ತೋರಿಸು," ಅಂದರು. ಮಾಸಲಕ್ಕ ಒಂದು ಕೋಟನ್ನು ತಾನೇ ತೊಟ್ಟು, ನಾಲ್ಕು ದಿನ ಅದರಲ್ಲೇ ಮಲಗಿ ಎದ್ದು, ಕಲ್ಲಿದ್ದಲಿನ ಮೂಟೆ ಹೊತ್ತು, ಐದನೇ ದಿನ ತಂದು ಮೇಜಿನ ಮೇಲೆ ಹಾಕಿದಳು. ಮೇಡಂ ಮೂಗು ಮುಚ್ಚಿಕೊಂಡೇ ಕೆಲಸ ಕೊಟ್ಟರು. ಅವತ್ತು ಅಪ್ಪ ಅಂದದ್ದು ಇಷ್ಟೇ: "ಎತ್ತು ಏರಿಗೆ, ಕೋಣ ನೀರಿಗೆ. ಅಪ್ಪ ಕೂಡಿಸ್ತಾನೆ, ಮಗಳು ಹರೀತಾಳೆ. ಚೆನ್ನಾಗಿದೆ ಸಂಸಾರ." ಆಮೇಲೆ ಹನ್ನೊಂದು ವರ್ಷ ಅವಳ ಒಂದು ಚಿತ್ರವನ್ನೂ ನೋಡಲು ಹೋಗಲಿಲ್ಲ. ಅವನು ಕಂಡ ಕೊನೆಯ ರಾಜರ ಸಿನಿಮಾ ಅವನ ಹರೆಯದ್ದು. ಆ ಕಾಲದ ರಾಜರು ಮೂರು ಯುದ್ಧ ಮುಗಿಸಿ ಬಂದರೂ ಜರಿ ಅಂಚು ಮಿನುಗುತ್ತಿತ್ತು, ಇಸ್ತ್ರಿಯ ಗೆರೆ ಕೂಡ ಅಳಿಸುತ್ತಿರಲಿಲ್ಲ.

ಈ ಮಾತು ನೆನಪಿರಲಿ. ಆದ ಅನಾಹುತವೆಲ್ಲ ಅದರಿಂದಲೇ.

ಆ ವರ್ಷದ ದೊಡ್ಡ ಚಿತ್ರದಲ್ಲಿ ರಾಜ್ಯ ಕಳೆದುಕೊಂಡ ಒಬ್ಬ ರಾಜ. ಅವನ ಜನ ಬೆಟ್ಟ ದಾಟುವವರೆಗೆ ಕಣಿವೆಯ ಬಾಯಲ್ಲಿ ಅವನು ಒಬ್ಬನೇ ನಿಲ್ಲಬೇಕು. ಅವನ ಮೈಮೇಲೆ ಭುಜದಿಂದ ಹಿಮ್ಮಡಿಯವರೆಗೆ ಇಳಿಬೀಳುವ ಕಪ್ಪುನೀಲಿ ಉಣ್ಣೆಯ ನಿಲುವಂಗಿ. ಚಿತ್ರ ಸಾಗಿದ ಹಾಗೆ ಅದರಲ್ಲಿ ಒಂದೊಂದೇ ಹರಕು ಕೂಡಿಕೊಳ್ಳುತ್ತ, ಕಣಿವೆಯ ಹೊತ್ತಿಗೆ ಏಳು. ಅದೇ ಉಡುಪಿನಲ್ಲಿ ಅರ್ಧ ಯುದ್ಧ ಆಗಲೇ ಕ್ಯಾಮೆರಾದಲ್ಲಿ ಸೆರೆಯಾಗಿತ್ತು. ಇನ್ನರ್ಧ ಸೋಮವಾರ. ಅಂಥವು ಮೂರು ಮಾಡಿದ್ದರು. ಒಂದು ಬೆಂಕಿಯ ದೃಶ್ಯದಲ್ಲಿ ಸುಟ್ಟುಹೋಯಿತು, ಒಂದು ನೀರಿನ ದೃಶ್ಯದಲ್ಲಿ ಕುಗ್ಗಿ ಮೊಣಕಾಲಿಗೆ ಬಂತು. ಉಳಿದದ್ದು ಒಂದೇ. ಅದಕ್ಕೆ ಕಣಿವೆಯ ಕೆಂಪು ಮಣ್ಣನ್ನು ಕೈಯಲ್ಲೇ ತಿಕ್ಕಬೇಕಾಗಿತ್ತು. ಶೆಡ್ಡಿನಲ್ಲಿ ಜಾಗವಿಲ್ಲ ಅಂತ ಮಾಸಲಕ್ಕ ಅದನ್ನು ಶುಕ್ರವಾರ ಮನೆಗೆ ತಂದಳು. ಭಾನುವಾರ ಸಂಜೆ ಐದಕ್ಕೆ ವ್ಯಾನು ಬಂದು ಒಯ್ಯುವುದು ಅಂತ ಮಾತು.

ಶುಕ್ರವಾರ ಮಣ್ಣು ತಿಕ್ಕಿ ಮುಗಿಸಿ, ನಿಲುವಂಗಿಗೆ ಬಿಳಿ ದುಪ್ಪಟಿ ಹೊದಿಸಿ ಕುರ್ಚಿಯ ಮೇಲೆ ಹಾಕಿ, ಫೋನಿನಲ್ಲಿ ಮೇಡಂಗೆ ಹೇಳಿದಳು: "ಹೌದು ಮೇಡಂ, ರಾಜನದು ನನ್ನ ಹತ್ರಾನೇ ಇದೆ. ಏಳು ಹರಕೂ ಎಣಿಸಿದೀನಿ. ಏನಾದ್ರೂ ಹೆಚ್ಚುಕಮ್ಮಿ ಆದ್ರೆ ನನ್ನ ಕೆಲಸ ಹೋಯ್ತು ಅಂತ ನಂಗೂ ಗೊತ್ತು." ಆಚೆ ಕೋಣೆಯಲ್ಲಿ ಅಪ್ಪ ಕೇಳಿಸಿಕೊಂಡ. ಸೈನಿಕರ ಬಟ್ಟೆ ಹರಿಯುವುದು ಮಗಳ ಕೆಲಸ, ಅದು ಅವನಿಗೆ ಗೊತ್ತು. ಆದರೆ ರಾಜನದು? ರಾಜನ ಬಟ್ಟೆಯನ್ನು ಬೇಕೆಂದು ಯಾರಾದರೂ ಹರಿಯುತ್ತಾರೆಯೇ? ಹುಡುಗಿ ಏನೋ ಎಡವಟ್ಟು ಮಾಡಿಕೊಂಡಿದ್ದಾಳೆ, ಬಾಯಿ ಬಿಟ್ಟು ಅಪ್ಪನನ್ನು ಕೇಳಲು ನಾಚಿಕೆ. ಹೀಗೆಂದುಕೊಂಡ ಮುದುಕ.

ಶನಿವಾರ ಇಡೀ ದಿನ ಮಾಸಲಕ್ಕನಿಗೆ ಶೆಡ್ಡಿನಲ್ಲಿ ಸೈನಿಕರ ಕೆಲಸ. ಹೋಗುವಾಗ ಅಪ್ಪನ ಅಂಗಡಿಯ ಬಾಗಿಲು ಹಾಕಿತ್ತು. ಮಂಡಿ ನೋವಿರಬೇಕು ಅಂದುಕೊಂಡಳು. ಭಾನುವಾರ ಬೆಳಿಗ್ಗೆಯೂ ಹಾಕಿತ್ತು. ಮಧ್ಯಾಹ್ನ ಒಂದಕ್ಕೆ ಶೆಡ್ಡಿನಿಂದ ಬಂದವಳು ಕೊನೆಯ ಸಲ ನೋಡಿಬಿಡೋಣ ಅಂತ ದುಪ್ಪಟಿ ಸರಿಸಿದಳು.

ನಿಲುವಂಗಿ ಇಡಿಯಾಗಿತ್ತು.

ಒಂದು ಸಲ ತಿರುಗಿಸಿದಳು, ಇನ್ನೊಂದು ಸಲ ತಿರುಗಿಸಿದಳು. ಎಡ ಭುಜ ನಯವಾಗಿತ್ತು, ಬೆನ್ನು ನಯವಾಗಿತ್ತು, ಕೆಳಗಿನ ಅಂಚು ಗೆರೆ ಎಳೆದ ಹಾಗಿತ್ತು. ಬೆಳಕಿಗೆ ಹಿಡಿದರೂ ಒಂದು ಎಳೆ ಅಡ್ಡ ಕಾಣಲಿಲ್ಲ. ಬಾಗಿಲ ಬಳಿ ಅಪ್ಪ ನಿಂತಿದ್ದ, ಬಹುಮಾನ ತೆಗೆದುಕೊಳ್ಳಲು ಬಂದವನ ಹಾಗೆ.

"ಎಲ್ಲಿತ್ತು ಅಂತ ಹುಡುಕು ನೋಡೋಣ," ಅಂದ.

"ಅಪ್ಪಾ, ಏನು ಮಾಡಿದೆ ನೀನು?"

"ಏನು ಅಂದ್ರೆ? ನಿನ್ನ ಕೆಲಸ ಉಳಿಸಿದೆ. ಎರಡು ದಿನ ಸೊಂಟ ಎತ್ತಿಲ್ಲ. ಐವತ್ತು ವರ್ಷದಲ್ಲಿ ಇಂಥದ್ದು ಮಾಡಿಲ್ಲ ಕಣೇ."

ನಗು ಬಂತೋ ಅಳು ಬಂತೋ ಅವಳಿಗೇ ತಿಳಿಯಲಿಲ್ಲ. ವಿಷಯ ಹೇಳಿದಾಗ ಅಪ್ಪನ ಮುಖ ದೀಪ ಆರಿದ ಹಾಗಾಯಿತು. "ರಾಜ ಅಂತೀಯ. ರಾಜನಿಗೆ ಹರಿದದ್ದು ಹೊದಿಸ್ತೀರಾ?" ಅಂದ.

"ಈಗಿನ ರಾಜರು ಹಾಗೇ ಅಪ್ಪ. ಅವರು ಪಟ್ಟ ಕಷ್ಟ ಬಟ್ಟೇಲಿ ಕಾಣಬೇಕು."

ಫೋನಿನಲ್ಲಿ ಹರಕುಗಳ ಫೋಟೋ ಇತ್ತು. ಆದರೆ ಫೋಟೋ ನೋಡಿ ಹೊಸದಾಗಿ ಹರಿದರೆ ಒಂದು ಬೆರಳು ಆಚೀಚೆ ಆಗುತ್ತದೆ; ಹೊಸ ಹರಕಿನ ಎಳೆ ಹೊಸದಾಗಿಯೇ ಕಾಣುತ್ತದೆ. ಮೂರು ಅಂತಸ್ತಿನ ಪರದೆಯ ಮೇಲೆ ಕೂದಲೆಳೆಯೂ ಹಗ್ಗ. ಹಳೆಯ ಹರಕೇ ಬೇಕು. ಅದು ಎಲ್ಲಿದೆ ಅಂತ ಬಲ್ಲವನು ಒಬ್ಬನೇ. ಗಂಟೆ ಒಂದೂವರೆ.

"ಬಿಡಿಸ್ತೀಯಾ ಅಪ್ಪ?"

ಅಪ್ಪ ಕೆಳಗೆ ಹೋಗಿ ಅಂಗಡಿಯ ಬಾಗಿಲು ತೆಗೆದ, ದೀಪ ಹಾಕಿದ, ಸ್ಟೂಲಿನ ಮೇಲೆ ಕೂತು ತೊಡೆ ತಟ್ಟಿದ. ಅವಳು ನಿಲುವಂಗಿಯನ್ನು ಮಗುವನ್ನು ಮಲಗಿಸುವ ಹಾಗೆ ಅವನ ತೊಡೆಯ ಮೇಲೆ ಹಾಕಿದಳು. ಅವನು ಅದನ್ನು ಒಳಮಗ್ಗುಲಿಗೆ ತಿರುಗಿಸಿ, ಕಣ್ಣು ಮುಚ್ಚಿ, ಹೆಬ್ಬೆರಳಿನ ಉಗುರನ್ನು ಮೆಲ್ಲಗೆ ಆಡಿಸಿದ. ಭುಜದ ಬಳಿ ಉಗುರು ನಿಂತಿತು. ಸೂಜಿಯನ್ನೂ ಎತ್ತಿದ. ಆಮೇಲೆ ಕೈ ಮುಂದೆ ಹೋಗಲೊಲ್ಲದು.

"ಕಥೆ ಹೇಳು," ಅಂದ.

"ಈಗ ಕಥೆನಾ? ಐದಕ್ಕೆ ವ್ಯಾನ್ ಬರುತ್ತೆ!"

"ಕೂಡಿಸೋಕೆ ಕಥೆ ಬೇಕಿರಲಿಲ್ಲ. ಹರಿಯೋಕೆ ಬೇಕು. ಸುಮ್ಮಸುಮ್ಮನೆ ಹರಿ ಅಂದ್ರೆ ಈ ಕೈ ಕೇಳಲ್ಲ ಮಗಳೇ. ಇದು ಹೇಗಾಯ್ತು ಹೇಳು."

ಹೇಳಿದಳು. ಕೋಟೆಯ ಗೋಡೆ, ನಡುಹಗಲೇ ಕವಿದ ನೆರಳು, ರೆಕ್ಕೆಸರ್ಪದ ಉಗುರು ರಾಜನನ್ನು ಕೊಕ್ಕೆ ಹಾಕಿ ಎತ್ತಿದ್ದು, ಅವನು ಬಟ್ಟೆ ಹರಿದದ್ದರಿಂದಲೇ ಕೆಳಗೆ ಬಿದ್ದು ಬದುಕಿಕೊಂಡದ್ದು. "ಓಹೋ, ಹಾಗಾದ್ರೆ ಗಟ್ಟಿ ಬಟ್ಟೆ ಆಗಿದ್ರೆ ಸತ್ತೇ ಹೋಗ್ತಿದ್ದ," ಅಂದ ಅಪ್ಪ. ಸೂಜಿಯ ತುದಿಯಿಂದ ಒಂದು ಎಳೆ ಎತ್ತಿ ಎಳೆದ. ಭುಜ ಬಾಯಿ ಬಿಟ್ಟಿತು, ಮೊದಲಿದ್ದ ಹಾಗೆಯೇ.

ಬೆಟ್ಟದ ಮುಳ್ಳಿಗೆ ಸಿಕ್ಕ ಎರಡು ಸಣ್ಣ ಹರಕು, ಸೆರೆಮನೆಯ ಬಾಗಿಲಿನ ಕೊಂಡಿ ಕಿತ್ತದ್ದು ಒಂದು, ಈ ಮೂರಕ್ಕೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಬೆನ್ನಿನ ಬಾಣದ ತೂತಿಗೆ ಬಂದಾಗ ಮುದುಕ ತಲೆ ಎತ್ತಿದ.

"ಬೆನ್ನಿಗೆ ಬಾಣ ಅಂದ್ರೆ ಓಡಿದ್ದನಾ?"

"ಇಲ್ಲಪ್ಪ. ಸೈನ್ಯದ ಅಡುಗೆಯವನು ಹಂಡೆ ಬಿಟ್ಟು ಬರಲ್ಲ ಅಂತ ನಿಂತುಬಿಟ್ಟಿದ್ದ. ರಾಜ ತಿರುಗಿ ಹೋಗಿ ಅವನನ್ನ ತನ್ನ ನಿಲುವಂಗಿ ಒಳಗೆ ಮುಚ್ಚಿಕೊಂಡ."

"ಅಡುಗೆಯವನು ಉಳಿದನಾ?"

"ಉಳಿದ. ಹಂಡೆನೂ ಉಳೀತು."

"ಹಾಗಾದ್ರೆ ಸರಿ," ಅಂತ ಅಪ್ಪ ತೂತು ಬಿಡಿಸಿದ.

ಆರನೆಯದು ಕೆಳ ಅಂಚು. ಅಲ್ಲಿ ಒಂದು ಗೇಣು ಬಟ್ಟೆಯೇ ಇರಲಿಲ್ಲ, ಮಿಕ್ಕ ಅಂಚು ಸುಟ್ಟಿತ್ತು. ಅಪ್ಪ ಒಳಮಡಿಕೆಯಿಂದ ತುಂಡು ತೆಗೆದು, ಸುಟ್ಟದ್ದನ್ನು ಕತ್ತರಿಸಿ, ಸುತ್ತಲೂ ಎಳೆಗೆ ಎಳೆ ನೇಯ್ದಿದ್ದ. ಶನಿವಾರದ ಮಧ್ಯಾಹ್ನವೆಲ್ಲ ಅದಕ್ಕೇ ಹೋಗಿತ್ತು. ರಾಜನ ಅಣ್ಣನನ್ನು ಕೊಂದ ಶತ್ರು ಸೇನಾಪತಿಯೇ ರೆಕ್ಕೆಸರ್ಪದ ಬೆಂಕಿಯಲ್ಲಿ ಬೆಂದು ಬಿದ್ದಿದ್ದಾಗ, ರಾಜ ಉರಿಯುತ್ತಿದ್ದ ತನ್ನ ಅಂಚನ್ನು ತಟ್ಟಿ ಆರಿಸಿ, ಅವನ ಕೈಗೆ ಕಟ್ಟಲು ಅದನ್ನೇ ಹರಿದುಕೊಟ್ಟ ಅಂತ ಮಾಸಲಕ್ಕ ಹೇಳಿದಳು. ಅಪ್ಪ ಸೂಜಿಯನ್ನು ಅಂಚಿಗೆ ತಂದ. ಆ ತುಂಡನ್ನು ಬಿಡಿಸಲು ಮುಕ್ಕಾಲು ಗಂಟೆ ಹಿಡಿಯಿತು. ಬಿಡಿಸಿದ್ದೇನೋ ಸರಿ, ಕತ್ತರಿಸಿ ತೆಗೆದ ಸುಟ್ಟ ಅಂಚು? ಅಪ್ಪ ಸ್ಟೂಲಿನ ಕೆಳಗೆ ಕೈ ಹಾಕಿ ಒಂದು ತಗಡಿನ ಡಬ್ಬಿ ತೆಗೆದ. ಅದರಲ್ಲಿ ಕಪ್ಪು ಅಂಚಿನ ಚೂರುಗಳು, ಒಂದೂ ಬಿಡದೆ.

"ರಫೂ ಮಾಡೋನು ಎಳೆ ಎಸೀತಾನಾ?" ಅಂದ.

ಅಂಚಿಗೆ ಆ ಚೂರುಗಳನ್ನು ಅವನು ಕೂಡಿಸಿದ, ಕೂಡಿಸಿದ ಗೆರೆಯ ಮೇಲೆ ಅವಳು ಮೇಣದಬತ್ತಿ ಆಡಿಸಿ ಕಪ್ಪು ಮಾಡಿದಳು. ಎರಡು ತಲೆಗಳು ಒಂದೇ ದೀಪದ ಕೆಳಗೆ. ಅಪ್ಪನ ಪಕ್ಕ ಅವಳು ಹಾಗೆ ಕೂತು ಕೆಲಸ ಮಾಡಿ ಎಷ್ಟು ವರ್ಷವಾಗಿತ್ತೋ. ಗಂಟೆ ನಾಲ್ಕೂವರೆ.

ಏಳನೆಯದು ಕೊರಳಿನದು, ನಿಲುವಂಗಿಯನ್ನು ಸಿಕ್ಕಿಸುವ ಬಿಲ್ಲೆ ಕಿತ್ತುಬಂದ ಜಾಗ.

"ಇದು ಅದಕ್ಕೂ ಮುಂಚಿನದು, ಅಣ್ಣ ಸಾಯುವಾಗ ಹಿಡಿದುಕೊಂಡದ್ದು," ಅಂದಳು ಮಾಸಲಕ್ಕ. "ಮುಷ್ಟಿ ಬಿಗಿಯಾಗಿಬಿಟ್ಟಿತ್ತು."

"ಬಿಡಿಸ್ಕೊಳ್ಳಲಿಲ್ಲವಾ ಇವನು?"

"ಬೆರಳು ಬಿಡಿಸೋಕೆ ಮನಸ್ಸು ಬರಲಿಲ್ಲ. ಬಟ್ಟೆನೇ ಹರ್ಕೊಂಡು ಎದ್ದ."

ಅಪ್ಪ ಕನ್ನಡಕ ತೆಗೆದು ಒರೆಸಿದ. ಹಾಕಿಕೊಳ್ಳದೆಯೇ, ಒಂದೇ ಎಳೆತಕ್ಕೆ ಏಳನೆಯದನ್ನು ಬಿಡಿಸಿದ. "ನಂದು ತಪ್ಪಾಯ್ತು," ಅಂದ. "ಇದನ್ನ ನಾನು ಮುಚ್ಚಬಾರದಿತ್ತು."

ಐದಕ್ಕೆ ವ್ಯಾನಿನ ಜೊತೆ ಮೇಡಮ್ಮೇ ಬಂದರು. ಫೋಟೋ ಒಂದು ಕೈಯಲ್ಲಿ, ಭೂತಗನ್ನಡಿ ಒಂದು ಕೈಯಲ್ಲಿ. ಏಳು ಹರಕನ್ನೂ ನೋಡಿದರು. ಅಂಚಿನ ಬಳಿ ನಿಂತರು. ಮುಚ್ಚಿಡುವುದು ಮಾಸಲಕ್ಕನ ಜಾಯಮಾನವಲ್ಲ. ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಒಪ್ಪಿಸಿಬಿಟ್ಟಳು. ಮೇಡಂ ನಂಬಲಿಲ್ಲ. ಅಪ್ಪ ಒಳಮಡಿಕೆ ತಿರುಗಿಸಿ ತುಂಡು ತೆಗೆದ ಜಾಗ ತೋರಿಸಿದ ಮೇಲೆ ನಂಬಿದರು.

"ಮಾಸಲಕ್ಕ," ಅಂದರು ಮೇಡಂ, "ಇನ್ನೊಂದ್ಸಲ ಬಟ್ಟೆ ಮನೆಗೆ ತಂದ್ರೆ ನಿನ್ನನ್ನೇ ತುರಿಯೋ ಮಣೆಗೆ ಹಾಕ್ತೀನಿ." ಆಮೇಲೆ ಅಪ್ಪನ ಕಡೆ ತಿರುಗಿ, ದನಿ ಇಳಿಸಿ, ತಮ್ಮ ಕೋಟಿನ ತೋಳು ಮುಂದೆ ಚಾಚಿದರು. "ತಾತ, ಇಲ್ಲೊಂದು ಹುಳ ತಿಂದ ತೂತಿದೆ. ಇದು ಮಾತ್ರ ಕಥೆಯಿಲ್ಲದ್ದು. ಮುಚ್ಚಿಕೊಡ್ತೀರಾ?"

ಚಿತ್ರ ತೆರೆಗೆ ಬರುವ ಹೊತ್ತಿಗೆ ಒಂಬತ್ತು ತಿಂಗಳು. ಮೊದಲನೇ ವಾರವೇ ಅಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಾಗಿಲಲ್ಲಿ ನಿಂತಿದ್ದ. ಥಿಯೇಟರಿನಲ್ಲಿ ಕಣ್ಣು ಮಂಜು ಅಂತ ಮುಂದಿನ ಸಾಲಿನಲ್ಲೇ ಕೂತರು. ಅಲ್ಲಿ ರಾಜನ ಹೆಬ್ಬೆರಳೇ ಆನೆಯ ಕಾಲಿನಷ್ಟು. ರೆಕ್ಕೆಸರ್ಪ ಬಂದಾಗ ಅಪ್ಪ ಮಗಳ ಮೊಣಕೈ ಹಿಡಿದುಕೊಂಡ. "ಇದು ಹಸಿರು ಚೆಂಡು ಅಪ್ಪ," ಅಂದಳು. "ಸುಮ್ನಿರೇ, ಯಾವ ಚೆಂಡು? ಕಣ್ಣಿಗೆ ಕಾಣಲ್ವಾ?" ಅಂತ ಗದರಿದ.

ಕೊನೆಯಲ್ಲಿ ರಾಜ ಕಣಿವೆಯ ಬಾಯಲ್ಲಿ ಒಬ್ಬನೇ ನಿಂತ. ಗಾಳಿ ಬೀಸಿತು. ನಿಲುವಂಗಿ ಪರದೆಯ ತುಂಬ ಹರಡಿ, ಏಳು ಹರಕಿನಿಂದಲೂ ಬೆಳಕು ತೂರಿ ಬಂತು. ಅಡುಗೆಯವನದು, ಅಣ್ಣನದು, ಶತ್ರುವಿನದು, ಒಬ್ಬೊಬ್ಬರಿಗೂ ಒಂದೊಂದು. ಇಡೀ ಥಿಯೇಟರು ಉಸಿರು ಬಿಗಿಹಿಡಿದು ಕೂತಿದ್ದಾಗ ಮುಂದಿನ ಸಾಲಿನಿಂದ ಒಂದು ಮುದಿ ದನಿ ಕೇಳಿಸಿತು: "ಕೆಳಗಡೆ ಸುಟ್ಟಿದೆಯಲ್ಲ, ಅದು ನಾವಿಬ್ಬರೂ ಮಾಡಿದ್ದು!"

ಹಿಂದಿನ ಸಾಲಿನವರು "ಶ್!" ಅಂದರು. ಮಾಸಲಕ್ಕ ಅಪ್ಪನ ಬಾಯಿ ಮುಚ್ಚಲು ಹೋಗಲಿಲ್ಲ.

ಹೊರಗೆ ಬಂದು ಇಬ್ಬರೂ ಮೆಟ್ಟಿಲಿಳಿದರು. ಕೊನೆಯ ಮೆಟ್ಟಿಲಲ್ಲಿ ಅಪ್ಪ ನಿಂತು, "ನೀನು ಹರಿಯೋದು ಅಂದ್ರೆ ಹಾಳು ಮಾಡೋದು ಅಂದ್ಕೊಂಡಿದ್ದೆ," ಅಂದ. ಎರಡು ಹೆಜ್ಜೆ ಹಾಕಿ ಮತ್ತೆ ನಿಂತ. "ಸರಿ, ಅವನ ಯುದ್ಧ ಮುಗೀತಲ್ಲ. ಜನ ಬೆಟ್ಟ ದಾಟಿದ್ರು. ಈಗ ಆ ನಿಲುವಂಗಿ ತಗೊಂಡು ಬಾ. ಹೊಲಿದುಕೊಡ್ತೀನಿ. ಪಾಪ, ಮನೆಗೆ ಹೋಗುವಾಗ್ಲಾದ್ರೂ ಬೆಚ್ಚಗೆ ಹೊದ್ದುಕೊಳ್ಳಲಿ."

ಮಾಸಲಕ್ಕ ಅಪ್ಪನ ತೋಳಿಗೆ ತೋಳು ಸೇರಿಸಿದಳು.

"ಮುಗೀಲಿಲ್ಲ ಅಪ್ಪ. ಎರಡನೇ ಭಾಗ ಇದೆಯಂತೆ."

"ಅಯ್ಯೋ," ಅಂದ ಮುದುಕ. ಸ್ವಲ್ಪ ಯೋಚಿಸಿ ಕೇಳಿದ: "ಅದರಲ್ಲಿ ಎಷ್ಟು ಹರಕು?"